ಕೊಯ್ಲಿನ ನಡುವೆ ಒಂದು ಬಚ್ಚಲುಮನೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದ ಮನೆಗಳಲ್ಲಿ ಬಚ್ಚಲುಮನೆ ಒಡೆದು ಕಟ್ಟುವ ಕೆಲಸ ಹೆಚ್ಚಾಗಿ ಬರುವುದು ನವೆಂಬರ್‌ನಿಂದ ಫೆಬ್ರವರಿಯ ಒಳಗೆ. ಅಡಿಕೆ ಕೊಯ್ಲೂ ಅದೇ ಹೊತ್ತಿಗೆ. ಹೊರಗಿನವರಿಗೆ ಇದು ಬುದ್ಧಿಗೇಡಿತನ ಅನ್ನಿಸಬಹುದು. ಆಳುಕಾಳು, ನೆಂಟರಿಷ್ಟರು ಎಂದು ಮನೆ ತುಂಬ ಜನ ಓಡಾಡುವ, ಸಂಜೆಯಾದರೆ ಪ್ರತಿಯೊಬ್ಬರಿಗೂ ಬಿಸಿನೀರು ಬೇಕೇ ಬೇಕಾಗುವ ಚಳಿಗಾಲದಲ್ಲಿ ಸ್ನಾನದ ಮನೆ ಕೆಡವುವುದೇ?

ಬೇರೆ ಕಾಲ ಯಾವುದಿದೆ, ನೀವೇ ಹೇಳಿ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತಿರುತ್ತದೆ. ಮರಳು, ಜಲ್ಲಿ ತಂದ ಗಾಡಿ ಕೆಸರು ದಾಟಿ ಅಂಗಳದವರೆಗೆ ಬರುವುದಿಲ್ಲ. ಮಾರ್ಚ್ ಕಳೆಯಿತೋ, ಬಾವಿಯ ನೀರು ಇಳಿಯುತ್ತದೆ; ಇರುವ ನೀರನ್ನು ತೋಟಕ್ಕೆ ಬಿಡುವುದೋ ಹೊಸ ಗಾರೆಗೆ ಹೊಯ್ಯುವುದೋ ಎಂಬ ಇಕ್ಕಟ್ಟು. ಮದುವೆ ಮುಂಜಿಗಳೂ ಆಗಲೇ ಇರುವುದರಿಂದ ಜನ ಬರುವ ಮೊದಲು ಬಚ್ಚಲು ಮುಗಿದಿರಬೇಕು. ಇನ್ನು ದುಡ್ಡು? ಅದು ಕೈಗೆ ಬರುವುದು ಅಡಿಕೆ ಪೇಟೆ ಸೇರಿದ ಮೇಲೆ. 1923ರಲ್ಲಿ ಶುರುವಾದ ಶಿರಸಿಯ ತೋಟಗಾರ್ಸ್ ಸೊಸೈಟಿಯಲ್ಲಿ, ಅಂದರೆ ಜನರ ಬಾಯಲ್ಲಿ ಟಿಎಸ್‌ಎಸ್‌ನಲ್ಲಿ, ಚೀಲ ಇಳಿಸಿದ ಪಿಕಪ್ಪಿನಲ್ಲೇ ವಾಪಸು ಬರುವಾಗ ಸಿಮೆಂಟು, ಟೈಲ್ಸು ಏರುವುದುಂಟು.

ಹೀಗೆ ಎರಡು ಕೆಲಸ ಒಂದೇ ಅಂಗಳಕ್ಕೆ ಬಂದು ಬೀಳುತ್ತವೆ. ಒಂದನ್ನು ಇನ್ನೊಂದು ಕೆಡಿಸದಂತೆ ನಡೆಸಿಕೊಂಡು ಹೋಗುವ ಮನೆಗಳನ್ನು ನೋಡಿದಾಗ ನನಗೆ ಅನ್ನಿಸುವುದು, ಇದೂ ಗಾರೆ ಕೆಲಸದಷ್ಟೇ, ಅಡಿಕೆ ಬೇಯಿಸುವಷ್ಟೇ ದೊಡ್ಡ ಕಸುಬು ಎಂದು. ಅದರ ಗುಟ್ಟು ಇರುವುದು ಸಿಮೆಂಟಿನ ಸ್ವಭಾವದಲ್ಲಿ ಮತ್ತು ಅಡಿಕೆಯ ಸ್ವಭಾವದಲ್ಲಿ.

ಮೊದಲು ಮೇಸ್ತ್ರಿಯ ಕೈ ನೋಡೋಣ. ಬಚ್ಚಲಿನ ಕೆಲಸ ಬಲ್ಲ ಮೇಸ್ತ್ರಿ ಮೊದಲ ದಿನ ಕರಣೆ ಮುಟ್ಟುವುದಿಲ್ಲ. ಹಳೆಯ ನೆಲ ಕಿತ್ತು, ಮಣ್ಣು ಹೊರಗೆ ಹೋದ ಮೇಲೆ ಅವರು ಹೋಗಿ ನಿಲ್ಲುವುದು ಹಿತ್ತಿಲಿನಲ್ಲಿ. ಬಚ್ಚಲ ನೀರು ಈಗ ಎಲ್ಲಿಗೆ ಹೋಗುತ್ತಿದೆ, ಕೆಸುವಿನ ಗಿಡ ಎಲ್ಲಿ ಹುಲುಸಾಗಿದೆ, ಬಾಳೆ ಬುಡ ಎಷ್ಟು ತಗ್ಗಿನಲ್ಲಿದೆ ಎಂದು ನೋಡಿಕೊಂಡು ಒಳಗೆ ಬರುತ್ತಾರೆ. ಆಮೇಲೆ ಚೀಲದಿಂದ ಹೊರಬರುತ್ತದೆ ಸುರುಳಿ ಸುತ್ತಿದ ಒಂದು ಪ್ಲಾಸ್ಟಿಕ್ ಕೊಳವೆ. ಅದಕ್ಕೆ ನೀರು ತುಂಬಿಸಿ, ಒಳಗಿನ ಗುಳ್ಳೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಹೊರಗೆ ಕಳಿಸುತ್ತಾರೆ. ಒಂದು ಗುಳ್ಳೆ ಉಳಿದರೂ ಮಟ್ಟ ಸುಳ್ಳಾಗುತ್ತದೆ. ಒಂದು ತುದಿ ಕೈಯಾಳು ಹುಡುಗನ ಹತ್ತಿರ, ಇನ್ನೊಂದು ತಮ್ಮ ಹತ್ತಿರ.

“ಅಲ್ಲಾಡಿಸಬೇಡ್ವೋ. ನೀರು ನಿಲ್ಲಲಿ.”

“ನಿಂತೈತಿ ಅಣ್ಣಾ.”

“ಗುರುತು ಹಾಕು.”

ಬಾಗಿಲ ಬಳಿ ನೆಲ ಬರಬೇಕಾದ ಎತ್ತರದಿಂದ ಮೂರಡಿ ಮೇಲೆ ಒಂದು ಗುರುತು. ಕೊಳವೆಯ ನೀರು ತೋರಿಸಿದಲ್ಲಿ ಉಳಿದ ಗೋಡೆಗಳಿಗೂ ಅದೇ ಮಟ್ಟದ ಗುರುತು. ಬಣ್ಣ ಹಚ್ಚಿದ ದಾರ ಎಳೆದು ಚಿಮ್ಮಿಸಿದರೆ ಸುತ್ತಲೂ ಒಂದು ಗೆರೆ. ಮುಂದಿನ ಅಳತೆಯೆಲ್ಲ ಆ ಗೆರೆಯಿಂದ ಕೆಳಕ್ಕೆ. ನೆಲಕ್ಕೆ ಕೊಡುವ ಇಳಿಜಾರಿಗೆ ವಾಟ ಎನ್ನುತ್ತಾರೆ. ಅಡಿಗೆ ಕಾಲಿಂಚು ಒಳ್ಳೆಯ ವಾಟ. ಬಾಗಿಲಿನಿಂದ ನೀರು ಹೋಗುವ ಮೂಲೆಗೆ ಆರಡಿ ಇದ್ದರೆ ಒಂದೂವರೆ ಇಂಚು ಇಳಿಯಬೇಕು. ಅಂದರೆ ಬಾಗಿಲ ಬಳಿ ಗೆರೆಯಿಂದ ನೆಲಕ್ಕೆ ಸರಿಯಾಗಿ ಮೂರಡಿ, ಆ ಮೂಲೆಯಲ್ಲಿ ಮೂರಡಿ ಒಂದೂವರೆ ಇಂಚು. ಇಷ್ಟು ಲೆಕ್ಕ ಯಾರಿಗಾದರೂ ಬರುತ್ತದೆ. ಉಳಿದ ಮೂಲೆಗಳಲ್ಲಿ ಬಿದ್ದ ನೀರೂ ದಾರಿಯಲ್ಲಿ ಎಲ್ಲೂ ನಿಲ್ಲದೆ ಆ ಒಂದೇ ಮೂಲೆಗೆ ಬರಬೇಕಲ್ಲ, ಅದು ಕೈಗೆ ಬರಲು ವರ್ಷಗಳು ಬೇಕು. ನೆಲ ಒಂದೇ ಕಡೆ ಬಾಗಿದ್ದರೆ ಸಾಲದು, ಎರಡು ಕಡೆಯಿಂದ ಬಾಗಿ ಒಂದು ಕಡೆ ಕೂಡಬೇಕು. ವಾಟ ಕಡಿಮೆಯಾದರೆ ನೀರು ಮಡುಗಟ್ಟಿ ಪಾಚಿ ಹಿಡಿಯುತ್ತದೆ. ಹೆಚ್ಚಾದರೆ ಅಜ್ಜ ಕೂರುವ ಸ್ಟೂಲು ಕುಂಟುತ್ತದೆ. ಪೇಟೆಯ ಅಂಗಡಿಯಲ್ಲಿ ಈಗ ಬಾಗಿಲಿನಷ್ಟು ದೊಡ್ಡ ಟೈಲ್ಸ್ ತೋರಿಸುತ್ತಾರೆ. ಅವು ಗೋಡೆಗೆ ಚಂದ. ಬಚ್ಚಲ ನೆಲಕ್ಕೆ ಒಂದಡಿಯ, ಮೈ ಒರಟಾಗಿರುವ ಟೈಲ್ಸೇ ಸರಿ, ಯಾಕೆಂದರೆ ದೊಡ್ಡ ಹಾಸು ಎರಡು ಕಡೆ ಬಾಗಲಾರದು. ಮೇಸ್ತ್ರಿ ಇದನ್ನು ಹೇಳಿದರೂ ಕೇಳುವವರು ಕಡಿಮೆ.

ನೆಲಕ್ಕೂ ಮೊದಲು ಕೂರಬೇಕಾದದ್ದು ನಹಾನಿ ಟ್ರ್ಯಾಪ್. ಅದರ ಬಾಯಿಯೇ ಇಡೀ ನೆಲದ ಅತ್ಯಂತ ತಗ್ಗಿನ ಜಾಗ. ಒಳಗೆ ಎರಡಿಂಚಿನಷ್ಟು ನೀರು ಯಾವಾಗಲೂ ನಿಂತಿರುವುದರಿಂದ ಆಚೆಯ ವಾಸನೆ, ಜಿರಲೆ ಒಳಗೆ ಬರುವುದಿಲ್ಲ. ಹಳೆಯ ಕಲ್ಲುಚಪ್ಪಡಿಯ ಬಚ್ಚಲಿಗೆ ಗೋಡೆಯ ಬುಡದಲ್ಲಿ ತೆರೆದ ಕಿಂಡಿಯೇ ಇರುತ್ತಿತ್ತು. ಕಪ್ಪೆ ಬರುತ್ತಿತ್ತು, ಅದರ ಹಿಂದೆ ಹಾವೂ. ಟ್ರ್ಯಾಪ್ ಕೂತು, ನೆಲಕ್ಕೆ ಕಾಂಕ್ರೀಟು ಬಿದ್ದು ಗಟ್ಟಿಯಾದ ಮೇಲೆ ಗೋಡೆ ನೆಲ ಕೂಡುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ನೀರು ಇಳಿಯದಂತೆ ತಡೆಯುವ ಲೇಪವನ್ನು ಒಮ್ಮೆ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಮ್ಮೆ ಅಡ್ಡಕ್ಕೆ ಬಳಿಯುತ್ತಾರೆ. ಟ್ರ್ಯಾಪಿನ ಬಾಯಿಗೆ ಬಟ್ಟೆಯುಂಡೆ ತುರುಕಿ, ನೆಲದ ತುಂಬ ನೀರು ನಿಲ್ಲಿಸಿ, ನೀರಿನ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಎರಡು ದಿನ ಬಿಡುತ್ತಾರೆ. ನೀರು ಗೆರೆ ಬಿಟ್ಟು ಇಳಿಯದಿದ್ದರೆ ಮುಂದಿನ ಕೆಲಸ.

ಸಿಮೆಂಟಿನ ಸ್ವಭಾವ ಗೊತ್ತಾಗುವುದು ಇಲ್ಲೇ. ಅದು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ನೀರಿನ ಜೊತೆ ಕೂಡಿ ಗಟ್ಟಿಯಾಗುವಂಥದು. ಮಾಮೂಲಿ ಸಿಮೆಂಟಿನ ಕಾಂಕ್ರೀಟಿಗೆ ಕಡಿಮೆಯೆಂದರೆ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ತೇವ ಆರಬಾರದು ಎಂದು ನಮ್ಮ ದೇಶದ ಮಾನಕವೇ ಹೇಳುತ್ತದೆ. ಅಷ್ಟು ದಿನ ಅದಕ್ಕೆ ಬೇಕಾದದ್ದು ನೀರು, ನೆರಳು ಮತ್ತು ಯಾರೂ ಅದರ ತಂಟೆಗೆ ಹೋಗದಿರುವುದು.

ಅಡಿಕೆ ಇದಕ್ಕೆ ತೀರಾ ತಿರುಗಾಮುರುಗ. ಮರದಲ್ಲಿದ್ದಷ್ಟು ದಿನ ಕಾಯುತ್ತದೆ, ಕೊಯ್ದ ಮೇಲೆ ಒಂದು ದಿನವೂ ಬಿಡುವು ಕೊಡುವುದಿಲ್ಲ. ಕೊನೆಗೌಡ ಕಾಲಿಗೆ ತಳೆ ಹಾಕಿ ಮರ ಹತ್ತಿ, ಅಲ್ಲಿಂದಲೇ ಮುಂದಿನ ಮರಕ್ಕೆ ದಾಟುತ್ತ ಕೊನೆ ಇಳಿಸುವುದು ಈಗ ಅಪರೂಪವಾಗುತ್ತಿದೆ. ನೆಲದ ಮೇಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊಯ್ಯುವವರು ಹೆಚ್ಚಾಗಿದ್ದಾರೆ. ಹೇಗೆ ಇಳಿದರೂ ಕೆಂಪಡಿಕೆ ಮಾಡುವ ಮನೆಯಲ್ಲಿ ಹಸಿರು ಕಾಯನ್ನು ಬೇಗನೆ ಸುಲಿಯಬೇಕು. ಮೆಟ್ಟುಗತ್ತಿಯ ಮೇಲೆ ಕೂತ ಹೆಂಗಸು ಕಾಯನ್ನು ನೋಡುವುದೂ ಇಲ್ಲ. ನಿಂತ ಅಲಗಿಗೆ ಕಾಯಿ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಬೇಳೆ ಇನ್ನೊಂದು ಕಡೆ, ಮಾತು ಮಾತ್ರ ನಿಲ್ಲುವುದಿಲ್ಲ. ಯಂತ್ರ ಬಂದ ಮೇಲೆ ಆ ರಾತ್ರಿಯ ಮಾತುಗಳು ಕಡಿಮೆಯಾಗಿವೆ, ನಿದ್ದೆ ಹೆಚ್ಚಾಗಿದೆ. ಎರಡನೆಯದನ್ನು ಯಾರೂ ಬೇಡವೆನ್ನಲಾರರು.

ಸುಲಿದದ್ದು ಹಂಡೆಗೆ. ಹಂಡೆಯಲ್ಲಿರುವುದು ಬರಿಯ ನೀರಲ್ಲ, ಹಿಂದಿನ ಬೇಯಿಸುವಿಕೆಯಲ್ಲಿ ಅಡಿಕೆಯೇ ಬಿಟ್ಟ ಕೆಂಪು ರಸ ಕೂಡಿದ ನೀರು. ಅದನ್ನೇ ತೊಗರು ಅಥವಾ ಚೊಗರು ಎನ್ನುವುದು. ಬೇಳೆಗೆ ಬಣ್ಣ, ಹೊಳಪು ಬರುವುದು ಅದರಿಂದ. ಎಷ್ಟು ಹಳೆಯ ತೊಗರಿಗೆ ಎಷ್ಟು ಹೊಸ ನೀರು ಎಂಬುದು ಮನೆಮನೆಗೆ ಬೇರೆ. ಬೆಂದದ್ದು ಗೊತ್ತಾಗುವುದು ಗಡಿಯಾರದಿಂದಲ್ಲ. ಒಂದೆರಡು ಬೇಳೆ ತೆಗೆದು, ಮೂತಿಯ ಹತ್ತಿರದ ಕಣ್ಣು ಕಳಚತೊಡಗಿದೆಯೇ ಎಂದು ನೋಡಿ, ಉಗುರಿನಿಂದ ಒತ್ತಿ ತೀರ್ಮಾನ. ಅಲ್ಲಿಂದ ಅಡಿಕೆ ದಬ್ಬೆಯ ಅಟ್ಟಕ್ಕೆ. ಒಳ್ಳೆಯ ಬಿಸಿಲಿದ್ದರೆ ವಾರದೊಳಗೆ ಒಣಗುತ್ತದೆ. ಇಬ್ಬನಿ ಆರಿದ ಮೇಲೆ ಬಿಚ್ಚಿ ಹರವಬೇಕು, ಸಂಜೆ ಮತ್ತೆ ಮುಚ್ಚಬೇಕು.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಗೋಡೆಯ ಒಳಗೆ ನೀರು ಆರಬಾರದು, ಗೋಡೆಯ ಹೊರಗೆ ನೀರು ಉಳಿಯಬಾರದು. ಒಂದೇ ಬಿಸಿಲು ಹೊರಗಿನ ಕೆಲಸಕ್ಕೆ ಬೇಕು, ಒಳಗಿನದಕ್ಕೆ ಬೇಡ. ಜಾಣ ಯಜಮಾನಿತಿ ಈ ವೈರುಧ್ಯವನ್ನೇ ಹಿಡಿದು ದಿನ ಹೊಂದಿಸುತ್ತಾಳೆ. ಬಚ್ಚಲ ನೆಲಕ್ಕೆ ಕಾಂಕ್ರೀಟು ಬಿದ್ದ ಮರುದಿನವೇ ಮೊದಲ ಕೊಯ್ಲು. ಕಾಂಕ್ರೀಟು ತನ್ನ ಪಾಡಿಗೆ ತಾನು ನೀರು ಕುಡಿಯುತ್ತಿರುವಾಗ ಸುಲಿದು, ಬೇಯಿಸಿ, ಅಟ್ಟಕ್ಕೆ ಹಾಕಿದ್ದಾಯಿತು. ಮೇಸ್ತ್ರಿ ಅಷ್ಟು ದಿನ ಬೇರೆ ಮನೆಗೆ. ಅಡಿಕೆ ಒಣಗುತ್ತಿರುವ ದಿನಗಳಲ್ಲಿ, ಹರವುವ ಮುಚ್ಚುವ ಕೆಲಸ ಬಿಟ್ಟರೆ ಕೈ ಖಾಲಿ ಇರುವಾಗ, ಅವರು ಬಂದು ಲೇಪ ಹಚ್ಚುತ್ತಾರೆ, ನೀರು ನಿಲ್ಲಿಸುತ್ತಾರೆ. ಎರಡನೆಯ ಕೊಯ್ಲು ಆ ನೀರು ನಿಂತ ದಿನಗಳಿಗೆ. ಕಾಗದದ ಮೇಲೆ ಬರೆದಿಟ್ಟ ಯೋಜನೆ ಇದಲ್ಲ. “ನೀವು ಸೋಮವಾರ ಬತ್ರಾ, ಗುರುವಾರ ಬತ್ರಾ? ಸೋಮವಾರ ನಮ್ಮನೆ ಅಡಿಕೆ ಬೇಸದು” ಎಂಬಷ್ಟರಲ್ಲೇ ನಡೆದುಹೋಗುತ್ತದೆ.

ಜಗಳ ಬರುವುದು ಗೋಣಿಚೀಲಕ್ಕೆ. ಹೊಸ ಗಾರೆಯ ಮೇಲೆ ಹೊದಿಸಿ ನೆನೆಸಿಡಲು ಮೇಸ್ತ್ರಿಗೆ ಗೋಣಿ ಬೇಕು. ಒಣ ಅಡಿಕೆ ತುಂಬಲು ಮನೆಯ ಯಜಮಾನ ಹೆಗಡೇರಿಗೂ ಬೇಕು. ಒಮ್ಮೆ ಸಿಮೆಂಟು ನೀರಿನಲ್ಲಿ ನೆಂದ ಗೋಣಿ ಅಡಿಕೆಗೆ ಬಾರದು. “ಹೆಗಡೇರೇ, ಹರಿದದ್ದೇ ಕೊಡಿ ಸಾಕು” ಎಂದು ಮೇಸ್ತ್ರಿ ಅಟ್ಟ ತೋರಿಸುತ್ತಾರೆ. ಹರಿದದ್ದು ಎಲ್ಲರ ಮನೆಯಲ್ಲೂ ಇರುತ್ತದೆ, ಬೇಕಾದಾಗ ಮಾತ್ರ ಸಿಗುವುದಿಲ್ಲ.

ಡಿಸೆಂಬರ್‌ನಲ್ಲಿ ಒಮ್ಮೊಮ್ಮೆ ಹೇಳದೆ ಕೇಳದೆ ಮೋಡ ಏಳುತ್ತದೆ. ಆಗ ಅಂಗಳದಲ್ಲಿ ಯಾರಿದ್ದರೂ ಅಡಿಕೆ ಎತ್ತಲು ಓಡಬೇಕು, ಗಾರೆ ಕೆಲಸದವರೂ. ಆದರೆ ಕಲಸಿದ ಸಿಮೆಂಟು ಕಾಯುವುದಿಲ್ಲ, ನೀರು ಬಿದ್ದ ಅರ್ಧ ಮುಕ್ಕಾಲು ತಾಸಿನಲ್ಲಿ ಬಳಸಿ ಮುಗಿಸಬೇಕು. ಅದಕ್ಕೇ ಮೋಡ ಕಂಡ ದಿನ ಅನುಭವಿ ಮೇಸ್ತ್ರಿ ಬುಟ್ಟಿ ಬುಟ್ಟಿಯಾಗಿಯೇ ಕಲಸುತ್ತಾರೆ. ಅಂಥವರನ್ನು ತೋಟದ ಮನೆಯವರು ಬಿಟ್ಟುಕೊಡುವುದಿಲ್ಲ.

ಮಧ್ಯೆ ಸ್ನಾನ ಎಲ್ಲಿ? ಕೊಟ್ಟಿಗೆಯ ಪಕ್ಕ ನಾಲ್ಕು ಕಂಬ ನೆಟ್ಟು, ಸೋಗೆಯ ತಟ್ಟಿ ಕಟ್ಟಿ, ಕೆಳಗೆ ಹಳೆಯ ಬಚ್ಚಲಿನಿಂದ ಕಿತ್ತ ಚಪ್ಪಡಿ ಹಾಸಿದರೆ ತಾತ್ಕಾಲಿಕ ಬಚ್ಚಲು. ಅಡಿಕೆ ಬೇಯಿಸಿದ ಒಲೆಯಲ್ಲಿ ಕೆಂಡ ಆರುವ ಮೊದಲೇ ಇನ್ನೊಂದು ಹಂಡೆ ಏರುತ್ತದೆ. ಇಷ್ಟಾದರೂ ಹೊಸ ಬಚ್ಚಲಿಗೆ ಒಂದು ಕಟ್ಟುನಿಟ್ಟು: ತೊಗರಿನ ಕೈಯವರು ಒಳಗೆ ಕಾಲಿಡಬಾರದು. ತೊಗರಿನ ಕಲೆ ಟೈಲ್ಸ್ ಮೇಲಿಂದ ಹೋಗುತ್ತದೆ, ಸಂದಿಗೆ ತುಂಬಿದ ಹಸಿ ಬಿಳಿ ಗ್ರೌಟಿಗೆ ಇಳಿದರೆ ಹೋಗುವುದಿಲ್ಲ. ಬೂದು ಬಣ್ಣದ ಗ್ರೌಟು ತರಿಸಿದವರೇ ಬುದ್ಧಿವಂತರು.

ಟೈಲ್ಸ್ ಕೂರಿಸುವಾಗ ಗೋಡೆಯ ಕೆಳಗಿನ ಸಾಲು ಬಿಟ್ಟು ಎರಡನೆಯ ಸಾಲಿನಿಂದ ಶುರು ಮಾಡುವುದನ್ನು ನೋಡಿದ್ದೀರಾ? ಮಟ್ಟದ ಗೆರೆಯಿಂದ ಕೆಳಕ್ಕೆ ಅಳೆದು ಒಂದು ನೇರ ಪಟ್ಟಿ ಹೊಡೆದು, ಅದರ ಮೇಲೆ ಎರಡನೆಯ ಸಾಲು ನಿಲ್ಲಿಸುತ್ತಾರೆ. ಗೋಡೆ ಮುಗಿದ ಮೇಲೆ ನೆಲ. ಕೊನೆಗೆ ಬಿಟ್ಟ ಸಾಲು. ನೆಲ ಇಳಿದಂತೆ ಆ ಸಾಲಿನ ಒಂದೊಂದು ಹಲ್ಲೆಯ ಎತ್ತರವೂ ಬೇರೆ. ಒಂದೊಂದನ್ನೂ ಅಳೆದು ಕೊಯ್ಯಬೇಕು. ಅಲ್ಲಿ ವಾಟ ಕಣ್ಣಿಗೆ ಕಾಣುತ್ತದೆ: ಬಾಗಿಲ ಬಳಿಯ ಟೈಲ್ಸು ಗಿಡ್ಡ, ಟ್ರ್ಯಾಪಿನ ಬಳಿಯದು ಉದ್ದ. ಗೋಡೆಯ ಸೆರಾಮಿಕ್ ಟೈಲ್ಸನ್ನು ಸಿಮೆಂಟಿನಲ್ಲಿ ಕೂರಿಸುವುದಾದರೆ ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನೇ ಹೀರಿಬಿಡುತ್ತದೆ. ವಿಟ್ರಿಫೈಡ್ ನೀರು ಕುಡಿಯುವುದೇ ಇಲ್ಲವೆನ್ನಬಹುದು, ಹಾಗಾಗಿ ಅದಕ್ಕೆ ಬೇರೆಯ ಅಂಟು. ಕೂತ ಮೇಲೆ ಕರಣೆಯ ಹಿಡಿಯಿಂದ ತಟ್ಟಿ ಕಿವಿಗೊಡುತ್ತಾರೆ. ಪೊಳ್ಳು ಸದ್ದು ಬಂದರೆ ತೆಗೆದು ಮತ್ತೆ ಕೂರಿಸುವುದೇ. ಅದೇ ಹೊತ್ತಿಗೆ ಹೊರಗೆ ಹೆಗಡೇರು ಒಂದು ಮುಷ್ಟಿ ಅಡಿಕೆ ಎತ್ತಿ ಮತ್ತೆ ರಾಶಿಗೆ ಬಿಟ್ಟು ಸದ್ದು ಕೇಳುತ್ತಿರುತ್ತಾರೆ, ಗಣಗಣ ಎಂದರೆ ಒಣಗಿದೆ.

ಕೊನೆಯ ತಕರಾರು ಹಂಡೆಯದು. ಸೋಲಾರ್ ಹಾಕಿಸಿದ ಮನೆಯಲ್ಲೂ ಹಂಡೆ ಒಲೆ ಹೋಗಿಲ್ಲ. ಮಂಜು ಹತ್ತು ಗಂಟೆಯವರೆಗೆ ಕರಗದ ಊರಿನಲ್ಲಿ ಬೆಳಗಿನ ಸ್ನಾನಕ್ಕೆ ಬಿಸಿಲನ್ನು ನಂಬುವುದು ಹೇಗೆ? ಹೋದ ವರ್ಷದ ಒಣ ಸಿಪ್ಪೆ, ಸೋಗೆ ಪುಕ್ಕಟೆ ಬಿದ್ದಿರುತ್ತದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ ‘ಅಸ್ತ್ರ’ ವಿಭಾಗದಿಂದ ಬಂದ ಅಸ್ತ್ರ ಒಲೆ, ಕೆಳಗೆ ಜಾಲರಿ ಇಟ್ಟು ಗಾಳಿ ಕೊಟ್ಟರೆ, ಹೊಗೆಗೆ ಕೊಳವೆ ಕಟ್ಟಿದರೆ ಎಷ್ಟು ಕಟ್ಟಿಗೆ ಉಳಿಯುತ್ತದೆ ಎಂದು ನಾಡಿಗೇ ತೋರಿಸಿತು. ಹಂಡೆ ಒಲೆಗೂ ಸಲ್ಲುವ ಪಾಠ ಅದು. ಒಲೆಬಾಯಿ ಗೋಡೆಯ ಹೊರಗೆ, ಹಂಡೆ ಒಳಗೆ. ಬೆಂಕಿಯ ಸುತ್ತ ಸಿಮೆಂಟು ಹಾಕಿದರೆ ಬಿರುಕು ಬಿಡುತ್ತದೆ, ಟೈಲ್ಸ್ ಕಳಚಿ ಬೀಳುತ್ತದೆ. ಆದ್ದರಿಂದ ಅಷ್ಟು ಭಾಗವನ್ನು ಮೇಸ್ತ್ರಿ ಇಟ್ಟಿಗೆ, ಕೆಮ್ಮಣ್ಣಿನಲ್ಲಿ ಕಟ್ಟಿ, ಟೈಲ್ಸನ್ನು ಒಂದು ಗೇಣು ಆಚೆಗೇ ನಿಲ್ಲಿಸುತ್ತಾರೆ. ಮಣ್ಣಿನ ಸಾರಣೆ ಮನೆಯ ಹಿರಿಯ ಹೆಂಗಸಿನದು. ಆ ಒಂದು ಜಾಗದಲ್ಲಿ ಮೇಸ್ತ್ರಿ ಕರಣೆ ಕೆಳಗಿಟ್ಟು, “ಅಮ್ಮಾ, ಇದು ನಿಮಗೇ ಗೊತ್ತು” ಎಂದು ಪಕ್ಕಕ್ಕೆ ಸರಿಯುತ್ತಾರೆ.

ಅಷ್ಟರಲ್ಲಿ ಜನವರಿ ಮುಗಿಯುತ್ತ ಬಂದಿರುತ್ತದೆ. ಕಾಳುಮೆಣಸು ಕೊಯ್ಯಬೇಕು, ಸೊಪ್ಪಿನ ಬೆಟ್ಟದಿಂದ ದರಕು ತರಬೇಕು. ಮೇಸ್ತ್ರಿ ಅಲ್ಲಿಂದ ಹೊರಡುವುದು ಕೆಂಪಡಿಕೆ ಮುಗಿಸಿ ಕೂತ ಇನ್ನೊಂದು ಮನೆಗೆ. ಚಾಲಿ ಮಾಡುವ ಮನೆಗಳಲ್ಲಿ ಹಣ್ಣಡಿಕೆಯ ಕೊಯ್ಲು ತಡ, ಅಂಗಳದ ತುಂಬ ಒಂದೂವರೆ ತಿಂಗಳು ಒಣಗುವುದೂ ಇರುತ್ತದೆ. ಅಂಥವರ ಬಚ್ಚಲನ್ನು ಮೇಸ್ತ್ರಿ ದೀಪಾವಳಿ ಕಳೆದ ಕೂಡಲೇ ಹಿಡಿದು, ಮೊದಲ ಹಣ್ಣುಗೊನೆ ಇಳಿಯುವುದರೊಳಗೆ ಮುಗಿಸಿಬಿಟ್ಟಿರುತ್ತಾರೆ.