ಹಳೆಯ ಕಾರಿಗೆ ಹೊಸ ಪ್ಲಗ್ಗು ಬೇಕೆ?

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಒಂದು ಹಳೆಯ ಕಾರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೊಸ ಗಾಡಿ ಕೊಂಡ ಮೇಲೆ ಅದು ಮಗನಿಗೋ ಮಗಳಿಗೋ ಕಾಲೇಜಿಗೆ ಹೋಗಲು ಸಲ್ಲುತ್ತದೆ. ಇಲ್ಲವೇ ಊರಿನಿಂದ ಹೊಸದಾಗಿ ಬಂದ ವಿದ್ಯಾರ್ಥಿಯೊಬ್ಬರ ಕೈ ಸೇರುತ್ತದೆ. ಒಂದೂವರೆ ಲಕ್ಷ ಮೈಲಿ ಓಡಿದ ಇಂಥ ಗಾಡಿ ಬೆಳಿಗ್ಗೆ ಹೊರಡುವಾಗ ಕೆಮ್ಮತೊಡಗಿದರೆ, ಕೆಂಪು ದೀಪದ ಬಳಿ ನಿಂತಾಗ ನಡುಗತೊಡಗಿದರೆ, ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. "ಪ್ಲಗ್ಗು ಬದಲಾಯಿಸೋಣ" ಎನ್ನುವವರು ಒಬ್ಬರು. "ಈ ಮುದಿ ಗಾಡಿಗೆ ಇನ್ನೂ ದುಡ್ಡು ಸುರಿಯುವುದೆ? ಮೂಗಿಗಿಂತ ಮೂಗುತಿ ಭಾರ" ಎನ್ನುವವರು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಯಾವುದು ಯಾವಾಗ ಸರಿ ಎಂಬುದನ್ನು ಇಲ್ಲಿ ವಿಚಾರಿಸೋಣ.

ಪ್ಲಗ್ಗಿನ ಕೆಲಸ ಚಿಕ್ಕದು, ಆದರೆ ಬಿಡುವಿಲ್ಲದ್ದು. ಎಂಜಿನ್ನು ಎರಡು ಸುತ್ತು ತಿರುಗಿದಾಗ ಪ್ರತಿ ಪ್ಲಗ್ಗೂ ಒಂದು ಕಿಡಿ ಕೊಡಬೇಕು. ಗಂಟೆಗೆ 60 ಮೈಲಿ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಮೈಲಿಗೆ 1,000 ಕಿಡಿ; ಲಕ್ಷ ಮೈಲಿಗೆ ಹತ್ತು ಕೋಟಿ! ಪ್ರತಿ ಕಿಡಿಯೂ ತುದಿಯ ಲೋಹವನ್ನು ಕಣ್ಣಿಗೆ ಕಾಣದಷ್ಟು ಸವೆಸುತ್ತದೆ. ಸುಮಾರು ಒಂದು ಮಿಲಿಮೀಟರಿನಷ್ಟಿದ್ದ ಸಂದು ಅಗಲವಾಗುತ್ತ ಹೋಗುತ್ತದೆ. ಅದನ್ನು ದಾಟಲು ಹೆಚ್ಚು ವೋಲ್ಟೇಜು ಬೇಕು. ಆ ಹೊರೆ ಬೀಳುವುದು ಮೇಲೆ ಕೂತ ಇಗ್ನಿಷನ್ ಕಾಯಿಲಿನ ಮೇಲೆ. ಆದ್ದರಿಂದ ಪ್ಲಗ್ಗು ಸವೆದರೂ ಹಾಗೆಯೇ ಓಡಿಸಿದರೆ ಕಾಯಿಲಿನ ಆಯುಷ್ಯವೂ ಕಡಿಮೆಯಾಗುತ್ತದೆ.

ಪ್ಲಗ್ಗು ನಮ್ಮವರಿಗೆ ಅಪರಿಚಿತ ವಸ್ತುವೇನಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರು (2008ರಿಂದ ಅದು ಬಾಷ್) ಪ್ಲಗ್ಗಿನ ಜೊತೆಗೇ ನೆನಪಾಗುತ್ತದೆ. ಸ್ಕೂಟರು ಹೊರಡದಿದ್ದರೆ ಪ್ಲಗ್ಗು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಊದಿ, ಮತ್ತೆ ಹಾಕಿ ಒದೆಯುವುದನ್ನು ನೋಡಿ ಬೆಳೆದವರು ನಾವು. ಆ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲೂ ಉರಿಯುತ್ತಿದ್ದುದರಿಂದ ಮಸಿ ಕಟ್ಟುತ್ತಿತ್ತು, ಉಜ್ಜಿದರೆ ಸಾಕಾಗುತ್ತಿತ್ತು. ಈಗಿನ ಕಾರುಗಳ ಇರಿಡಿಯಂ ಪ್ಲಗ್ಗಿಗೆ ಈ ಉಪಚಾರ ಸಲ್ಲದು. ಅದರ ತುದಿ ಸೂಜಿಯಷ್ಟು ಸಣ್ಣದು, ಉಜ್ಜಿದರೆ ಕೆಡುತ್ತದೆ. ಸವೆದಿದ್ದರೆ ಹೊಸದು ಹಾಕಬೇಕು, ಅಷ್ಟೆ.

ಕೇಳಬೇಕಾದ ಮೊದಲ ಪ್ರಶ್ನೆ ಕಾರಿನ ವಯಸ್ಸಲ್ಲ, ಪ್ಲಗ್ಗಿನ ವಯಸ್ಸು. ಅಂಗಡಿಯವರು ತಾಮ್ರದ್ದು ಎಂದು ಕರೆಯುವ ಸಾಧಾರಣ ಪ್ಲಗ್ಗಿಗೆ ಸುಮಾರು 30,000 ಮೈಲಿ ಆಯುಷ್ಯ. ಪ್ಲಾಟಿನಂಗೆ 60,000 ಅಥವಾ ಅದಕ್ಕೂ ಹೆಚ್ಚು. ಇರಿಡಿಯಂಗೆ ಲಕ್ಷದ ಸುತ್ತಮುತ್ತ. ಟೊಯೋಟಾದ ಹಲವು ಗಾಡಿಗಳಿಗೆ 1,20,000 ಮೈಲಿಯ ಗಡುವಿದೆ. ಗಾಡಿ ಎರಡನೆಯ ಕೈಯೋ ಮೂರನೆಯ ಕೈಯೋ ಆಗಿದ್ದು, ಹಿಂದಿನವರ ರಸೀತಿ ಸಿಗದಿದ್ದರೆ, ಪ್ಲಗ್ಗು ಬಿಚ್ಚಿ ನೋಡುವುದೊಂದೇ ದಾರಿ.

ಹೀಗೆ ಬಿಚ್ಚಿದ ಪ್ಲಗ್ಗು ಎಂಜಿನ್ನಿನ ನಾಲಿಗೆ ಇದ್ದಂತೆ. ವೈದ್ಯರು ನಾಲಿಗೆ ನೋಡುವ ಹಾಗೆ ಅದನ್ನು ನೋಡಬೇಕು. ತುದಿ ತಿಳಿ ಕಂದು ಇಲ್ಲವೇ ಬೂದು ಬಣ್ಣವಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಇಲ್ಲವೇ ಗಾಳಿ ಸಾಲದು. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಕಾವು ಮಿತಿಮೀರಿದೆ. ತುದಿಯಲ್ಲೇ ಆಯಿಲಿನ ಜಿಡ್ಡಿದ್ದರೆ ಪಿಸ್ಟನ್ನಿನ ರಿಂಗು ಅಥವಾ ವಾಲ್ವಿನ ಸೀಲು ಸವೆದಿರುವ ಸಂಭವ ಹೆಚ್ಚು. ಆದರೆ ಆಯಿಲು ಪ್ಲಗ್ಗಿನ ಮೇಲುಭಾಗದಲ್ಲಿ, ಅದು ಕೂರುವ ಬಾವಿಯಲ್ಲಿ ಮಾತ್ರ ನಿಂತಿದ್ದರೆ ಗಾಬರಿ ಬೇಡ. ಅದು ವಾಲ್ವ್ ಕವರಿನ ಗ್ಯಾಸ್ಕೆಟ್ಟಿನ ಸೋರಿಕೆ. ರಿಂಗಿನ ರಿಪೇರಿಗೆ ಹೋಲಿಸಿದರೆ ಸಣ್ಣ ಖರ್ಚು.

ನಡುಕವೆಲ್ಲ ಪ್ಲಗ್ಗಿನದೇ ಎಂದೂ ತಿಳಿಯಬೇಕಿಲ್ಲ. 1996ರಿಂದೀಚೆಗೆ ಇಲ್ಲಿ ಮಾರಾಟವಾದ ಕಾರುಗಳೆಲ್ಲ ತಮ್ಮ ರೋಗವನ್ನು ಸಂಕೇತದಲ್ಲಿ ಹೇಳುತ್ತವೆ. ಪಿ0303 ಎಂದರೆ ಮೂರನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಬಿಡಿಭಾಗಗಳ ಹಲವು ಅಂಗಡಿಗಳಲ್ಲಿ ಇದನ್ನು ಪುಕ್ಕಟೆಯಾಗಿ ಓದಿ ಹೇಳುತ್ತಾರೆ. ಪ್ಲಗ್ಗಿಗೊಂದು ಕಾಯಿಲು ಇರುವ ಗಾಡಿಯಾದರೆ ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಒಂದನೆಯದನ್ನು ಮೂರಕ್ಕೆ ಹಾಕಿ ಓಡಿಸಿ ನೋಡಬೇಕು. ಸಂಕೇತ ಪಿ0301 ಆಗಿ ಬದಲಾದರೆ ದೋಷ ಕಾಯಿಲಿನದು, ಪ್ಲಗ್ಗಿನದಲ್ಲ. ಒಂದು ಎಚ್ಚರಿಕೆ: ಎಂಜಿನ್ ದೀಪ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದ್ದರೆ ಉರಿಯದ ಪೆಟ್ರೋಲು ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕೆಡಿಸುತ್ತಿದೆ. ಅದನ್ನು ಬದಲಾಯಿಸಲು ಸಾವಿರ ಡಾಲರು ದಾಟುವುದು ಅಪರೂಪವಲ್ಲ. ಎರಡು ವಾರ ತಡೆದು ನೋಡೋಣ ಎಂಬ ಉಳಿತಾಯ ದುಬಾರಿಯಾಗುವುದು ಇಲ್ಲಿಯೇ.

ಇನ್ನು ಖರ್ಚಿನ ಮಾತು. 2008ರ ನಾಲ್ಕು ಸಿಲಿಂಡರಿನ ಕ್ಯಾಮ್ರಿಯಲ್ಲಿ ನಾಲ್ಕು ಪ್ಲಗ್ಗೂ ಎಂಜಿನ್ನಿನ ನೆತ್ತಿಯಲ್ಲೇ ಇವೆ. ತಾಳ್ಮೆಯಿದ್ದವರು ಒಂದು ಗಂಟೆಯಲ್ಲಿ ಮನೆಯಲ್ಲೇ ಮುಗಿಸಬಹುದು. ಅದೇ ಗಾಡಿಯ ಆರು ಸಿಲಿಂಡರಿನ ಮಾದರಿಯಲ್ಲಿ ಹಿಂದಿನ ಮೂರು ಪ್ಲಗ್ಗು ಗಾಳಿಯ ಪೆಟ್ಟಿಗೆಯ ಕೆಳಗೆ ಅಡಗಿವೆ. ಅದನ್ನು ಬಿಚ್ಚದೆ ಕೈ ಹೋಗದು, ಕೂಲಿಯೂ ಏರುತ್ತದೆ. ಆದ್ದರಿಂದ ಒಮ್ಮೆ ಬಿಚ್ಚಿದ ಮೇಲೆ ಆರನ್ನೂ ಬದಲಾಯಿಸುವುದೇ ಲೇಸು. ಸ್ವತಃ ಮಾಡುವವರು ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಕೈಹಾಕಬೇಕು. ಅದರ ತಲೆ ಅಲ್ಯುಮಿನಿಯಂನದು. ಬಿಸಿಯಲ್ಲಿ ತಿರುಗಿಸಿದರೆ ಮರೆಯೇ ಕಿತ್ತುಬರಬಹುದು. ಹೊಸದನ್ನು ಮೊದಲು ಬೆರಳಿನಿಂದಲೇ ಕೂರಿಸಿ, ಆಮೇಲೆ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಬೇಕು. ಹಳೆಯದು ಬರಲೊಲ್ಲದೆ ಕಿರುಗುಟ್ಟಿದರೆ ಬಲ ಹಾಕದೆ ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಜಾಣತನ. ತುಂಡಾಗಿ ಒಳಗೆ ಉಳಿದ ಪ್ಲಗ್ಗು ಮುದಿ ಗಾಡಿಯ ಬೆಲೆಯನ್ನೇ ನುಂಗೀತು.

ಹಾಗಾದರೆ ತೀರ್ಮಾನವೇನು? ಗಡುವು ಮುಗಿದಿದ್ದು, ತುದಿಯ ಬಣ್ಣ ಸರಿಯಿದ್ದರೆ ಯೋಚಿಸದೆ ಬದಲಾಯಿಸಿ. ಇನ್ನೂ ಕೆಲವು ವರ್ಷ ಗಾಡಿ ನಿಮ್ಮದು. ಗಡುವು ಮುಗಿಯದೆ, ನಡುಕವೂ ಇಲ್ಲದಿದ್ದರೆ ಅಂಗಡಿಯವರು ಹೇಳಿದರೆಂದು ಮಾತ್ರ ಬದಲಾಯಿಸಬೇಡಿ. ತುದಿಯಲ್ಲಿ ಆಯಿಲು ಕಂಡರೆ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅದು ಕೆಟ್ಟಿದ್ದರೆ ಹೊಸ ಪ್ಲಗ್ಗು ಕೆಲವು ದಿನದ ಸಮಾಧಾನವಷ್ಟೆ. ಆ ಹಣ ಮುಂದಿನ ಗಾಡಿಗೆ ಇರಲಿ. ಲೆಕ್ಕ ಹಾಕುವಾಗ ಒಂದನ್ನು ಮಾತ್ರ ಮರೆಯಬಾರದು: ಜನವರಿಯ ರಾತ್ರಿ ಹೆದ್ದಾರಿಯಲ್ಲಿ ಈ ಗಾಡಿ ಓಡಿಸುವವರು ನಮ್ಮ ಮಕ್ಕಳು, ಇಲ್ಲವೇ ಬೇರೆಯವರ ಮಕ್ಕಳು. ಗಾಡಿಯ ಮಾರುಕಟ್ಟೆಯ ಬೆಲೆ ಏನೇ ಇರಲಿ, ಅವರ ಕೈಗೆ ಬೀಗದ ಕೈ ಕೊಡುವ ಮುನ್ನ ಒಂದು ಪ್ಲಗ್ಗನ್ನಾದರೂ ಬಿಚ್ಚಿ ನೋಡೋಣ.