ಸೂಕ್ಷ್ಮ ಚರ್ಮಕ್ಕೆ ಮೇಕಪ್: ನಂಬಿಕೆ ಏನು, ನಿಜ ಏನು?

ಫೌಂಡೇಶನ್ ಹಚ್ಚಿದರೆ ಕೆನ್ನೆ ಉರಿ, ಕಾಡಿಗೆ ಹಚ್ಚಿದರೆ ಕಣ್ರೆಪ್ಪೆ ಊತ, ಲಿಪ್‌ಸ್ಟಿಕ್ ಹಚ್ಚಿದರೆ ತುಟಿಯ ಸುತ್ತ ತುರಿಕೆ. ಸೂಕ್ಷ್ಮ ಚರ್ಮದವರಿಗೆ ಈ ಸಂಕಟ ಹೊಸದಲ್ಲ. ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ಅಂಗಡಿಯವರಿಂದ ಹಿಡಿದು ನೆಂಟರವರೆಗೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ಆದರೆ ಆ ಉತ್ತರಗಳಲ್ಲಿ ಹಲವು ತಪ್ಪು, ಕೆಲವಂತೂ ಅಪಾಯಕಾರಿ.

ತಪ್ಪು ಕಲ್ಪನೆ: ‘ಹೈಪೋಅಲರ್ಜೆನಿಕ್’ ಎಂದು ಬರೆದಿದ್ದರೆ ಅಲರ್ಜಿಯ ಭಯವಿಲ್ಲ.

ಸತ್ಯ: ಈ ಪದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ (ಎಫ್‌ಡಿಎ) ಇದಕ್ಕೆ ಯಾವುದೇ ಮಾನದಂಡ ನಿಗದಿಯಾಗಿಲ್ಲ ಎನ್ನುತ್ತದೆ. ಡಬ್ಬಿಯ ಮುಂಭಾಗದಲ್ಲಿರುವುದು ಜಾಹೀರಾತು. ನಿಮಗೆ ಬೇಕಾದ ಮಾಹಿತಿ ಇರುವುದು ಹಿಂಭಾಗದ ಘಟಕಾಂಶಗಳ ಪಟ್ಟಿಯಲ್ಲಿ.

ತಪ್ಪು ಕಲ್ಪನೆ: ನೈಸರ್ಗಿಕವಾದದ್ದು ಚರ್ಮಕ್ಕೆ ಹಾನಿ ಮಾಡದು.

ಸತ್ಯ: ನಿಂಬೆರಸವೂ ನೈಸರ್ಗಿಕವೇ. ಆದರೆ ಆರೋಗ್ಯವಂತ ಚರ್ಮದ ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5, ನಿಂಬೆರಸದ್ದು ಸುಮಾರು 2. ಅಷ್ಟು ಹುಳಿಯಾದದ್ದನ್ನು ಮುಖಕ್ಕೆ ತಿಕ್ಕಿದರೆ ಚರ್ಮದ ರಕ್ಷಣಾ ಪದರವೇ ಹಾಳಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಗಾಯವಾಗಿ, ಕಪ್ಪು ಕಲೆ ಉಳಿಯಬಹುದು. ಟೀ ಟ್ರೀ, ಲ್ಯಾವೆಂಡರ್‌ನಂಥ ಸುಗಂಧ ತೈಲಗಳೂ ಕೆಲವರಿಗೆ ಅಲರ್ಜಿ ತರುತ್ತವೆ.

ತಪ್ಪು ಕಲ್ಪನೆ: ವಾಸನೆಯಿಲ್ಲ ಎಂದರೆ ಸುಗಂಧ ಸೇರಿಸಿಲ್ಲ ಎಂದರ್ಥ.

ಸತ್ಯ: ಮೇಕಪ್ ಸಾಮಗ್ರಿಗಳಿಂದ ಆಗುವ ಅಲರ್ಜಿಗೆ ಸುಗಂಧ ದ್ರವ್ಯಗಳು ಮುಖ್ಯ ಕಾರಣಗಳಲ್ಲೊಂದು. ‘ಅನ್‌ಸೆಂಟೆಡ್’ ಎಂದಿರುವ ಉತ್ಪನ್ನದಲ್ಲೂ ಮೂಲ ವಾಸನೆ ಮುಚ್ಚಲು ಸುಗಂಧ ಬೆರೆಸಿರಬಹುದು. ‘ಫ್ರಾಗ್ರನ್ಸ್ ಫ್ರೀ’ ಎಂದಿರುವುದನ್ನೇ ಆರಿಸಿ. ಪಟ್ಟಿಯಲ್ಲಿ ‘ಫ್ರಾಗ್ರನ್ಸ್’ ಅಥವಾ ‘ಪರ್ಫಮ್’ ಕಂಡರೆ ಕೆಳಗಿಡಿ.

ತಪ್ಪು ಕಲ್ಪನೆ: ವರ್ಷಗಳಿಂದ ಹಚ್ಚುತ್ತಿದ್ದೇನೆ, ಇದರಿಂದ ಏನೂ ಆಗಿರಲಾರದು.

ಸತ್ಯ: ಹತ್ತು ವರ್ಷ ಆಗಿಬಂದದ್ದು ಹನ್ನೊಂದನೇ ವರ್ಷ ಆಗಿಬಾರದೇ ಹೋಗಬಹುದು. ದೇಹ ಒಂದು ವಸ್ತುವನ್ನು ಯಾವಾಗ ಬೇಕಾದರೂ ಶತ್ರುವೆಂದು ಗುರುತಿಸಬಲ್ಲದು. ನಮ್ಮ ಹೆಣ್ಣುಮಕ್ಕಳ ಹಣೆಯ ಸ್ಟಿಕ್ಕರ್ ಬಿಂದಿಯನ್ನೇ ನೋಡಿ. ಅದರ ಅಂಟಿನಲ್ಲಿ ಬಳಸುವ ಕೆಲವು ರಾಸಾಯನಿಕಗಳಿಂದ ಮೊದಲು ತುರಿಕೆ, ಆಮೇಲೆ ಬಿಂದಿಯಷ್ಟೇ ಅಗಲದ ಬಿಳಿ ಮಚ್ಚೆ ಮೂಡುವುದುಂಟು. ಬಿಂದಿ ಇಡುವುದನ್ನು ಬಿಟ್ಟರೂ ಎಲ್ಲರಿಗೂ ಬಣ್ಣ ಮರಳುವುದಿಲ್ಲ. ಆದ್ದರಿಂದ ತುರಿಕೆ ಶುರುವಾದಾಗಲೇ ನಿಲ್ಲಿಸಬೇಕು. ಇನ್ನೊಂದು ಸೋಜಿಗ: ನೇಲ್ ಪಾಲಿಶ್‌ನ ಅಲರ್ಜಿ ಬೆರಳಿನಲ್ಲಿ ಕಾಣಿಸದೆ, ಆ ಬೆರಳು ತಾಗುವ ಕಣ್ರೆಪ್ಪೆ, ಕುತ್ತಿಗೆಗಳಲ್ಲಿ ಕಾಣಿಸಿಕೊಳ್ಳಬಹುದು.

ತಪ್ಪು ಕಲ್ಪನೆ: ಅಂಗಡಿಯಲ್ಲೇ ಕೈಗೆ ಹಚ್ಚಿ ನೋಡಿದರೆ ಸಾಕು.

ಸತ್ಯ: ಅದರಿಂದ ತಿಳಿಯುವುದು ಬಣ್ಣ ಮಾತ್ರ. ಅಲರ್ಜಿಯ ದದ್ದು ಏಳಲು ಎರಡು ಮೂರು ದಿನ ಬೇಕಾಗಬಹುದು. ಮೊಣಕೈ ಒಳಮಡಿಕೆಯ ಬಳಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, 7ರಿಂದ 10 ದಿನ ಹಚ್ಚಿ ನೋಡಿ. ಕೆಂಪಾಗದಿದ್ದರೆ, ತುರಿಸದಿದ್ದರೆ ಮುಖಕ್ಕೆ ಬಳಸಿ. ಒಮ್ಮೆಗೆ ಒಂದೇ ಹೊಸ ವಸ್ತು ಇರಲಿ, ಆಗ ತೊಂದರೆ ಯಾವುದರಿಂದ ಬಂತೆಂದು ಗೊತ್ತಾಗುತ್ತದೆ. ಮದುವೆ ಹೆಣ್ಣಿನ ಮೇಕಪ್ ಸಾಮಗ್ರಿಯನ್ನು ಹಿಂದಿನ ದಿನವಲ್ಲ, ಹದಿನೈದು ದಿನ ಮೊದಲೇ ಪರೀಕ್ಷಿಸಿ.

ತಪ್ಪು ಕಲ್ಪನೆ: ವಾರದಲ್ಲೇ ಮುಖ ಬೆಳಗಿಸುವ ಕ್ರೀಮ್ ಒಳ್ಳೆಯದು.

ಸತ್ಯ: ಇಂಥ ಕೆಲವು ಕ್ರೀಮುಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್‌ನಂಥ ಸ್ಟಿರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಟ್ಟ ಮೇಲೆ ಮುಖ ಕೆಂಡದಂತೆ ಉರಿಯಬಹುದು. ‘ನನ್ನದು ಸೂಕ್ಷ್ಮ ಚರ್ಮ’ ಎನ್ನುವ ಕೆಲವರ ತೊಂದರೆಯ ಬೇರು ಇಲ್ಲೇ ಇರುತ್ತದೆ. ಅಂಥವರು ಮೇಕಪ್ ಬದಲಿಸುವ ಮೊದಲು ಚರ್ಮವೈದ್ಯರನ್ನು ಕಾಣಬೇಕು.

ದದ್ದು ಮತ್ತೆಮತ್ತೆ ಬರುತ್ತಿದ್ದರೆ ನೀವು ಬಳಸುವ ಎಲ್ಲವನ್ನೂ ಡಬ್ಬಿ ಸಮೇತ ಚರ್ಮವೈದ್ಯರ ಬಳಿಗೆ ಒಯ್ದು, ಅಲರ್ಜಿ ಯಾವುದರಿಂದ ಎಂದು ಪತ್ತೆಹಚ್ಚುವ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಮುಖ ಊದಿ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದಂತೆ, ಕೊಳ್ಳುವ ಮುನ್ನ ಡಬ್ಬಿ ತಿರುಗಿಸಿ ಓದಿ, ಹಚ್ಚುವ ಮುನ್ನ ಕೈಮೇಲೆ ಪರೀಕ್ಷಿಸಿ. ಯಾರ ಸಲಹೆಗಿಂತಲೂ ನಿಮ್ಮ ಚರ್ಮ ಹೇಳುವುದನ್ನು ನಂಬಿ.