ಅರಿಶಿನ ಮರೆವಿನ ಕಾಯಿಲೆಗೆ ಮದ್ದೆಂದು ‘ಕಂಪ್ಯೂಟರ್‌ನಲ್ಲಿ ಸಾಬೀತು’: ಈ ಮಾತಿನ ಅರ್ಥವೇನು?

ಅರಿಶಿನದ ಕರ್ಕ್ಯುಮಿನ್ ಅಲ್ಝೈಮರ್ಸ್ ಕಾಯಿಲೆಯನ್ನು ಗುಣಪಡಿಸುತ್ತದೆ, ಇದು ಕಂಪ್ಯೂಟರ್ ಸಂಶೋಧನೆಯಲ್ಲಿ ಸಾಬೀತಾಗಿದೆ ಎನ್ನುವ ಧಾಟಿಯ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಜತೆಗೆ ಬಣ್ಣಬಣ್ಣದ ರಿಬ್ಬನ್ ಸುರುಳಿಯಂಥ ಚಿತ್ರ. ಚಿತ್ರ ನಿಜವಾದ ಸಂಶೋಧನೆಯದ್ದೇ ಇರಬಹುದು. ‘ಸಾಬೀತು’ ಎಂಬುದು ಮಾತ್ರ ಸುಳ್ಳು.

ಮಿದುಳಿನ ಜೀವಕೋಶಗಳಲ್ಲಿ ಎಪಿಪಿ ಎಂಬ ಪ್ರೋಟೀನ್ ಇದೆ. ಬೇಸ್-1 ಎಂಬ ಕಿಣ್ವ ಅದನ್ನು ಒಂದು ಕಡೆ ಕತ್ತರಿಸಿದರೆ, ಇನ್ನೊಂದು ಕಿಣ್ವ ಮತ್ತೊಂದು ಕಡೆ ಕತ್ತರಿಸುತ್ತದೆ. ಹೀಗೆ ಉಳಿಯುವ ಚೂರೇ ಅಮೈಲಾಯ್ಡ್ ಬೀಟಾ. ಇದು ಸುಮಾರು 40 ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ಅಲ್ಝೈಮರ್ಸ್ ರೋಗಿಗಳ ಮಿದುಳಿನಲ್ಲಿ ಈ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಶೇಖರವಾಗಿರುತ್ತವೆ. ಆದ್ದರಿಂದ ಕತ್ತರಿಸುವ ಕಿಣ್ವವನ್ನೇ ತಡೆಯುವ ಅಣುವಿಗಾಗಿ ಹುಡುಕಾಟ ನಡೆದಿದೆ.

ಕಂಪ್ಯೂಟರ್ ಬರುವುದು ಇಲ್ಲಿ. ಡಾಕಿಂಗ್ ಎಂಬ ವಿಧಾನದಲ್ಲಿ ಕಿಣ್ವದ ಮಾದರಿಯ ಸಂದಿಯೊಳಗೆ ಅಣುವನ್ನು ನಾನಾ ಭಂಗಿಯಲ್ಲಿ ಕೂರಿಸಿ ಅಂಕ ಕೊಡುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಕೆಲವು ನಿಮಿಷಗಳ ಕೆಲಸ. ಇಲ್ಲಿ ಕಿಣ್ವವನ್ನು ಸಾಮಾನ್ಯವಾಗಿ ಕಲ್ಲಿನಂತೆ ಸ್ಥಿರ ಎಂದೇ ಎಣಿಸುತ್ತಾರೆ. ದೇಹದಲ್ಲಿ ಅದು ಸದಾ ಅಲುಗಾಡುತ್ತಿರುತ್ತದೆ. ಆ ಅಲುಗಾಟವನ್ನೂ ಲೆಕ್ಕ ಹಾಕುವ ವಿಧಾನ ಮಾಲಿಕ್ಯುಲರ್ ಡೈನಾಮಿಕ್ಸ್. ಅದರಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವನ್ನು ತೋರಿಸಲು ಸುಮಾರು 50 ಕೋಟಿ ಹೆಜ್ಜೆಗಳ ಲೆಕ್ಕ ಬೇಕು! ಅಮೈಲಾಯ್ಡ್ ಬೀಟಾಕ್ಕಂತೂ ಸ್ಥಿರ ಆಕಾರವೇ ಇಲ್ಲ. ಯಾವ ಸೂತ್ರಗಳನ್ನು ಬಳಸಿದ್ದಾರೆ ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ.

ಇದು ವ್ಯರ್ಥ ಕೆಲಸವಲ್ಲ. ಲಕ್ಷಾಂತರ ಅಣುಗಳಲ್ಲಿ ಪ್ರಯೋಗಾಲಯಕ್ಕೆ ಒಯ್ಯಬೇಕಾದವನ್ನು ಆರಿಸಿಕೊಡುತ್ತದೆ. ಆದರೆ ಅರ್ಜಿ ಶಾರ್ಟ್‌ಲಿಸ್ಟ್ ಆದರೆ ಕೆಲಸ ಸಿಕ್ಕಂತಲ್ಲವಲ್ಲ?

ವೆರುಬೆಸೆಸ್ಟಾಟ್ ಎಂಬ ಔಷಧಿಯ ಕಥೆ ನೋಡಿ. ಮರ್ಕ್ ಕಂಪನಿ ಬೇಸ್-1 ಕಿಣ್ವದ ರಚನೆಯನ್ನು ನೋಡಿಕೊಂಡೇ ರೂಪಿಸಿದ ಮಾತ್ರೆ ಇದು. ಕಿಣ್ವವನ್ನು ನಿಜಕ್ಕೂ ತಡೆಯಿತು. ಮಿದುಳು-ಬೆನ್ನುಹುರಿಯ ದ್ರವದಲ್ಲಿ ಅಮೈಲಾಯ್ಡ್ ಬೀಟಾ ಶೇ 60ಕ್ಕಿಂತ ಹೆಚ್ಚು ಇಳಿಯಿತು. ಆದರೂ ಸುಮಾರು 1,950 ರೋಗಿಗಳ ಮೇಲಿನ ಪ್ರಯೋಗ 2017ರಲ್ಲಿ ನಿಂತಿತು, ಏಕೆಂದರೆ ಮರೆವು ಕಡಿಮೆಯಾಗಲಿಲ್ಲ. ಕಾಯಿಲೆಯ ಆರಂಭದಲ್ಲಿರುವವರ ಮೇಲಿನ ಪ್ರಯೋಗವೂ 2018ರಲ್ಲಿ ನಿಂತಿತು. ಅಲ್ಲಿ ಮಾತ್ರೆ ತೆಗೆದುಕೊಂಡವರ ನೆನಪಿನ ಶಕ್ತಿ ಇನ್ನಷ್ಟು ಕುಗ್ಗಿದ ಸೂಚನೆಗಳಿದ್ದವು. ಬೇಸ್-1 ಮಿದುಳಿಗೆ ಬೇಕಾದ ಬೇರೆ ಪ್ರೋಟೀನ್‌ಗಳನ್ನೂ ಕತ್ತರಿಸುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಕರ್ಕ್ಯುಮಿನ್ ಅಷ್ಟು ದೂರವೂ ಬಂದಿಲ್ಲ. ತಿಂದದ್ದರಲ್ಲಿ ರಕ್ತ ಸೇರುವುದೇ ಅತ್ಯಲ್ಪ. ಅಲ್ಝೈಮರ್ಸ್ ರೋಗಿಗಳಿಗೆ 24 ವಾರ ಕೊಟ್ಟು ನೋಡಿದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಸಾರಿಗೆ ಹಾಕುವ ಅರಿಶಿನದ ಬಗ್ಗೆ ನಮ್ಮ ತಕರಾರಿಲ್ಲ. ಸಾಂದ್ರ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಮನೆಯಲ್ಲಿ ಅಜ್ಜ-ಅಜ್ಜಿಗೆ ಮರೆವು ಹೆಚ್ಚುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಅರಿಶಿನ ನಂಬಿ ಆರು ತಿಂಗಳು ಕಾದರೆ ಆ ರಕ್ತಪರೀಕ್ಷೆಯೂ ಆರು ತಿಂಗಳು ತಡವಾಗುತ್ತದೆ.